ಕಂಡಕ್ಟರ್ ಅನ್ನಪೂರ್ಣಾ ಹಿಮಾಲಯಕ್ಕೆ ಹೊರಟಿದ್ದು

ರೋಣದಿಂದ ಗಜೇಂದ್ರಗಡಕ್ಕೆ ಮುಂಜಾನೆ ಏಳೂವರೆಗೆ ಬಿಡುವ ಬಸ್ಸಿನಲ್ಲಿ ನಾನು ಹನ್ನೊಂದು ವರ್ಷದಿಂದ ದಿನಾ ಓಡಾಡುತ್ತೇನೆ. ಗಜೇಂದ್ರಗಡದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವುದು ನನ್ನ ಉದ್ಯೋಗ. ಪ್ರತಿ ವರ್ಷ ಹಿಮಾಲಯದ ಪಾಠ ಬರುತ್ತದೆ. ಪ್ರತಿ ವರ್ಷ ಬೋರ್ಡಿನ ಮೇಲೆ ಮೂರು ಡೊಂಕು ಗೆರೆ ಎಳೆದು ಹಿಮಾಲಯದ ಮೂರು ಶ್ರೇಣಿ ಎಂದು ಬರೆಯುತ್ತೇನೆ. ಹಿಮಾಲಯವನ್ನು ನಾನು ನೋಡಿಲ್ಲ. ನೋಡಬೇಕೆಂಬ ಆಸೆಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಚಲೋ, ಯಾಕಂದರೆ ಮುಂದೆ ಈ ಕಥೆಯಲ್ಲಿ ನಾನು ಭಾಳ ಶಾಣ್ಯಾತನ ತೋರಿಸಿದ್ದೇನೆ.

ಆ ಬಸ್ಸಿನ ಕಂಡಕ್ಟರ್ ಅನ್ನಪೂರ್ಣಾ. ನಲವತ್ತೊಂಬತ್ತು ವಯಸ್ಸು, ಗಿಡ್ಡ ಆಳು, ಸೀರೆಯ ಮೇಲೆ ಖಾಕಿ ಕೋಟು, ಕೊರಳಲ್ಲಿ ಟಿಕೆಟ್ ಮಷೀನು. ಇಪ್ಪತ್ತಮೂರು ವರ್ಷದ ನೌಕರಿಯಲ್ಲಿ ಆಕೆ ಕೂತು ಬಂದದ್ದನ್ನು ಕಂಡವರು ಕಡಿಮೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಕೂಡ್ರುವ ಮಾತು ದೂರ, ಎರಡೂ ಕಾಲು ಒಮ್ಮೆಗೇ ಊರಲು ಜಾಗ ಸಿಕ್ಕರೆ ಅದೇ ಹಬ್ಬ. ತೊಂಬತ್ತು ಮಂದಿಯ ನಡುವೆ ಆಕೆ ಮುಂದಿನ ಬಾಗಿಲಿಂದ ಹಿಂದಿನ ಸೀಟಿನವರೆಗೆ ಹೋಗುವುದನ್ನು ನೋಡಿದರೆ ಗೋಡೆಯೊಳಗೆ ಮೊಳೆ ಇಳಿದಂತೆ ಕಾಣುತ್ತಿತ್ತು. ಯಾರಿಗೆ ವಾಂತಿ ಬರುತ್ತದೆ ಎಂಬುದು ಅವರಿಗಿಂತ ಮೊದಲು ಆಕೆಗೆ ಗೊತ್ತಾಗುತ್ತಿತ್ತು. ಮೋರೆ ನೋಡಿಯೇ ಪ್ಲಾಸ್ಟಿಕ್ ಚೀಲ ಕೈಗಿಟ್ಟು, "ಕಿಡಕಿ ಕಡೆ ಸರೀರಿ" ಅನ್ನುತ್ತಿದ್ದಳು.

ಬಸ್ಸಿನ ಡ್ರೈವರ್ ಹೂವಪ್ಪ. ಮೇ ತಿಂಗಳಲ್ಲಿ ಈತ ಹೆಂಡತಿಯನ್ನು ಕರೆದುಕೊಂಡು ಕೇದಾರನಾಥಕ್ಕೆ ಹೋಗಿ ಬಂದ. ಹೋಗಿ ಬರಲು ಹನ್ನೆರಡು ದಿನ ಹಿಡಿಯಿತು. ಹೇಳಿ ಮುಗಿಸಲು ಜುಲೈ ಬಂದರೂ ಆಗಿರಲಿಲ್ಲ. ಗೇರು ಬದಲಿಸಿದಾಗೊಮ್ಮೆ ಕೇದಾರನಾಥ. ಎದುರಿಗೆ ಎಮ್ಮೆ ಅಡ್ಡ ಬಂದರೆ, "ಅಲ್ಲಿ ಹಿಂಗ ಬಂಡೆಗಲ್ಲ ಅಡ್ಡ ಬರ್ತಾವ" ಎಂದು ಕೇದಾರನಾಥ. ಒಂದು ಸೋಮವಾರ ಸೂಡಿ ದಾಟುವ ಹೊತ್ತಿಗೆ ಆತ ಕನ್ನಡಿಯಲ್ಲಿ ಎಲ್ಲರನ್ನೂ ನೋಡುತ್ತ, "ಮ್ಯಾಲ ಹ್ವಾದಂಗ ಉಸುರ ಸಿಗೂದಿಲ್ಲ ನೋಡ್ರಿ. ಹೆಣ್ಮಕ್ಕಳಿಗೆ ಆಗೂ ಮಾತಲ್ಲ ಅದು" ಅಂದ.

ಅನ್ನಪೂರ್ಣಕ್ಕ ಆಗ ಬಸ್ಸಿನ ನಡುವೆ ಒಬ್ಬ ಅಜ್ಜಿಯ ಆಧಾರ್ ಕಾರ್ಡು ತಿರುವಿ ನೋಡುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಹೂವಪ್ಪಣ್ಣಾರ, ನೀವು ಹೇಸರಗತ್ತಿ ಮ್ಯಾಲ ಕುಂತು ಹೋಗೀರಿ ಅಂತ ನಿಮ್ಮ ಮನಿಯವರು ನಮಗ ಹೇಳ್ಯಾರ. ಉಸುರು ಬಿಟ್ಟಿದ್ದು ಅದು. ನೀವು ಯಾಕ ತ್ರಾಸ ಮಾಡ್ಕೋತೀರಿ?"

ಬಸ್ಸು ಬಿದ್ದು ಬಿದ್ದು ನಕ್ಕಿತು. ಹೂವಪ್ಪನ ಕಿವಿ ಕೆಂಪಾದವು. "ಹಂಗಾರ ನೀವ ಒಂದು ಗುಡ್ಡಾ ನಡಕೋತ ಹತ್ತಿ ತೋರಸ್ರಿ."

"ತೋರಸ್ತೇನಿ."

"ಗಜೇಂದ್ರಗಡದ ಗುಡ್ಡ ಅಲ್ಲ ಮತ್ತ. ಹಿಮಾಲಯ."

"ಹಿಮಾಲಯನ. ಗಾಡಿ ಸೊಲ್ಪ ನೋಡಿ ಹೊಡೀರಿ ಈಗ."

ಸಿಟ್ಟಿನಲ್ಲಿ ಬಂದ ಮಾತು. ಮನೆಯಲ್ಲಿ ಆಡಿದ್ದರೆ ಅಲ್ಲೇ ಮುಗಿಯುತ್ತಿತ್ತು. ಆದರೆ ಬಸ್ಸಿನಲ್ಲಿ ತೊಂಬತ್ತು ಸಾಕ್ಷಿಗಳಿದ್ದರು. ಸಂಜೆ ಅದೇ ಬಸ್ಸು ರೋಣಕ್ಕೆ ಮರಳುವಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು, "ಅಕ್ಕಾರ, ಯಾವತ್ತ ಹೊಂಟ್ರಿ?" ಎಂದು ಕೇಳಿದ. ಎರಡು ದಿನದಲ್ಲಿ ಡಿಪೋದ ಗೋಡೆಯ ಮೇಲೆ ಯಾರೋ ಸೀಮೆಸುಣ್ಣದಿಂದ ರೋಣ–ಹಿಮಾಲಯ, ತಡೆರಹಿತ ಎಂದು ಬರೆದರು. ಅನ್ನಪೂರ್ಣಕ್ಕ ಅದನ್ನು ಓದಿ, ಒರೆಸದೆ ಹೋದಳು. ಅವತ್ತೇ ನನಗೆ ಅನುಮಾನ ಬಂತು, ಈಕೆ ಹೋಗುವವಳೇ ಅಂತ.

ಮನೆಯಲ್ಲಿ ಮೊದಲು ಮಾತಾಡಿದ್ದು ಅತ್ತೆ ಚನ್ನವ್ವ. ಎಪ್ಪತ್ತೆಂಟರ ಮುದುಕಿ, ತವರು ಮೆಣಸಗಿ. ಬಾಯಿ ಇನ್ನೂ ಇಪ್ಪತ್ತೆಂಟರದು. "ಮಲಪ್ರಭಾ ಹೊಳಿ ಮನಿಯೊಳಗ ಬಂದಾಗ ನಾವು ಮಾಳಿಗಿ ಹತ್ತಿದ್ವಿ. ಕೆಲಸಿತ್ತು, ಹತ್ತಿದ್ವಿ. ಸುಮ್ಮಸುಮ್ಮನ ಯಾರರ ಹತ್ತತಾರೇನ? ಮ್ಯಾಲೇನ ನಿಮ್ಮಪ್ಪ ಕುಂತಾನ?"

ಗಂಡ ಗೋಣೆಪ್ಪನದು ಹಿಟ್ಟಿನ ಗಿರಣಿ. ದಿನವಿಡೀ ಗಿರಣಿಯ ಗದ್ದಲದಲ್ಲಿರುವ ಮನುಷ್ಯ, ಮನೆಗೆ ಬಂದರೆ ಮಾತು ಕಡಿಮೆ. ಮೂರನೆಯ ದಿನ ರೊಟ್ಟಿ ಮುರಿಯುತ್ತ ಕೇಳಿದ: "ಅಲ್ಲಿ ಸಂಡಾಸದ್ದು ಹ್ಯಾಂಗ?"

ಊರಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅನ್ನಪೂರ್ಣಕ್ಕ ಮರುದಿನ ನನಗೆ ಕೇಳಿದಳು. ನಾನು ಹಿಮಾಲಯದ ನದಿಗಳ ಹೆಸರು ಹೇಳಬಲ್ಲೆ, ಇದು ನನ್ನ ಪಠ್ಯಕ್ರಮದಲ್ಲಿ ಇರಲಿಲ್ಲ. ಮೊಬೈಲಿನಲ್ಲಿ ಹುಡುಕಿ ಹೇಳಿದೆ: ಗುಂಡಿ ತೋಡಿ, ಸುತ್ತ ಸಣ್ಣ ಡೇರೆ ಕಟ್ಟಿರುತ್ತಾರೆ, ಮುಗಿದ ಮೇಲೆ ಮಣ್ಣು ಎಳೆಯಬೇಕು. "ಹಂಗಾರ ಅಡ್ಡಿಯಿಲ್ಲ" ಅಂದಳು. "ನಮ್ಮ ಬಸ್‌ಸ್ಟ್ಯಾಂಡಿನದಕ್ಕಿಂತ ಚಲೋ ಆತು."

ಇನ್ನು ಎಲ್ಲಿಗೆ ಹೋಗುವುದು? ಹಿಮಾಲಯ ಅಂದರೆ ಒಂದು ಸ್ಟಾಪ್ ಅಲ್ಲ. ಬಸ್ಸಿನಲ್ಲಿ ಒಂದು ವಾರ ಬರೇ ಇದೇ ಚರ್ಚೆ. ಕಡಲೆ ವ್ಯಾಪಾರಿಯೊಬ್ಬರು ಎವರೆಸ್ಟಿಗೇ ಹೋಗ್ರಿ, ಒಮ್ಮೆ ಹೋದಮೇಲೆ ಸಣ್ಣದೇಕೆ ಅಂದರು. ನಾನು ಶಾಣ್ಯಾತನ ಮಾಡಿ ಮೂರು ದಾರಿಗಳನ್ನು ಹುಡುಕಿ ಪ್ರಿಂಟ್ ತೆಗೆದುಕೊಂಡು ಹೋದೆ. ನೇಪಾಳದ ಅನ್ನಪೂರ್ಣಾ ಬೇಸ್ ಕ್ಯಾಂಪ್, ಮನಾಲಿ ಕಡೆಯ ಹಮ್ತಾ ಪಾಸ್, ಉತ್ತರಾಖಂಡದ ಕೇದಾರಕಂಠ. ನನ್ನ ಒಲವು ಅನ್ನಪೂರ್ಣಾ ಕಡೆಗೆ. "ನೋಡ್ರಿ ಅಕ್ಕಾರ, ನಿಮ್ಮ ಹೆಸರಿನ ಪರ್ವತಾನ ಐತಿ. ಅದರ ಪಾದಕ್ಕ ನೀವು ಹೋಗಿ ನಿಂತ್ರ ಎಷ್ಟು ಚಂದ!" ಅಂದೆ. ಸುತ್ತಲಿನವರೆಲ್ಲ ಹೌದ್ಹೌದು ಅಂದರು.

ಆಕೆ ಮಷೀನಿನಿಂದ ಟಿಕೆಟ್ ಹರಿಯುತ್ತ ನನ್ನನ್ನು ನೋಡಿದಳು. "ಹೆಸರು ಕೂಡೇತಿ ಅಂತ ಹೋಗೂದಾದ್ರ ನಮ್ಮ ಹೂವಪ್ಪಣ್ಣಾರು ಹೂವಿನಹಡಗಲಿಗೆ ಹೋಗಬೇಕಿತ್ತಲ್ರೀ ಮಾಸ್ತರ್ರ. ಕೇದಾರನಾಥಕ್ಕ ಯಾಕ ಹೋದ್ರು?"

ಹೂವಪ್ಪ ಸುಮ್ಮಸುಮ್ಮನೆ ಹಾರ್ನ್ ಹೊಡೆದ.

ಸರಿಯಾಗಿ ಹೇಳಿಕೊಟ್ಟವರು ಮೆಹಬೂಬಸುಭಾನಿ. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು, ಅದರಲ್ಲಿ ಆರು ವರ್ಷ ಲಡಾಖಿನಲ್ಲಿ ಕಳೆದು, ಹವಾಲ್ದಾರರಾಗಿ ನಿವೃತ್ತರಾಗಿ ಈಗ ಗಜೇಂದ್ರಗಡ ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟವರು. ಎಲ್ಲರೂ ಸುಭಾನಿ ಸಾಹೇಬ್ರು ಅನ್ನುತ್ತಾರೆ. ಬಸ್ಸು ಅಲ್ಲಿ ಅರ್ಧ ತಾಸು ನಿಲ್ಲುತ್ತದೆ. ಅನ್ನಪೂರ್ಣಕ್ಕ ನನ್ನ ಮೂರು ಹಾಳೆ ಹಿಡಿದು ಅವರ ಬಳಿ ಹೋದಳು; ನಾನೂ ಹಿಂದೆ ಹೋದೆ. ಅವರು ಹಾಳೆಗಳಲ್ಲಿದ್ದ ಹಿಮಶಿಖರದ ಚಿತ್ರಗಳನ್ನು ನೋಡಲೇ ಇಲ್ಲ. ಟ್ಯೂಬಿಗೆ ಬಳಿಯುವ ಅಂಟು ಹತ್ತಿದ್ದ ಬೆರಳಿನಿಂದ ಒಂದೊಂದು ದಿನದ ಸಾಲಿನ ಮೇಲೆ ಒತ್ತುತ್ತ ಹೋದರು.

"ಬೆಹನ್‌ಜಿ, ಎಷ್ಟು ಎತ್ತರ ಹತ್ತತೀರಿ ಅನ್ನೂದು ಬ್ಯಾಡ. ಯಾವ ರಾತ್ರಿ ಎಷ್ಟು ಎತ್ತರದಾಗ ಮಲಗತೀರಿ, ಅದನ್ನ ನೋಡ್ರಿ. ಕಾಲಂದು ಕಾಲು ನೋಡ್ಕೋತಾವ. ತಲಿಗೆ ಮತ್ತ ಪುಪ್ಪುಸಕ್ಕ ವ್ಯಾಳ್ಯಾ ಬೇಕು. ನಿನ್ನೆ ಮಲಗಿದ್ದಕ್ಕಿಂತ ಇವತ್ತು ಭಾಳ ಮ್ಯಾಲ ಮಲಗಿದ್ರ, ಪೈಲ್ವಾನ ಇದ್ರೂ ಬೀಳ್ತಾನ. ನಮ್ಮ ಕಂಪನಿಯೊಳಗ ಎಲ್ಲಾಕಿಂತ ಮೊದಲ ಬಿದ್ದಂವ ಕುಸ್ತಿ ಹಿಡಿಯಾಂವನ."

ಇದು ಅನ್ನಪೂರ್ಣಕ್ಕನಿಗೆ ತಟ್ಟನೆ ತಿಳಿಯಿತು. ಡಿಪೋದಲ್ಲಿ ಕೊಡುವ, ಸ್ಟಾಪಿಗೊಂದು ದರ ಬರೆದ ಸ್ಟೇಜ್ ಪಟ್ಟಿಯ ಹಾಗೆ ಮೂರು ಪಟ್ಟಿ ಮಾಡಿದಳು. ಊರು, ಎಷ್ಟನೆಯ ದಿನ, ಮಲಗುವ ಎತ್ತರ. ನೇಪಾಳದ್ದು ನೋಡಿ, "ಇದು ಭಾಳ ದಿನ ಆಗ್ತೈತಿ, ಇಷ್ಟು ರಜಾ ನಮಗ ಸತ್ರೂ ಸಿಗೂದಿಲ್ಲ" ಎಂದು ಮಡಚಿಟ್ಟಳು. ಹಮ್ತಾದಲ್ಲಿ ಹದಿನಾಲ್ಕು ಸಾವಿರ ಅಡಿಯ ಕಣಿವೆದಾರಿ ದಾಟಿ ಆಚೆ ಇಳಿಯಬೇಕು. ಅದನ್ನು ಬಹಳ ಹೊತ್ತು ನೋಡಿದಳು. "ಇದರಾಗ ನಡುವ ಆರಾಮಿಲ್ಲಂದ್ರ ತಿರುಗಿ ಬರೂದೂ ಅಷ್ಟ ದೂರ, ಮುಂದ ಹೋಗೂದೂ ಅಷ್ಟ ದೂರ. ಕೆಟ್ಟ ರೂಟು." ಉಳಿದದ್ದು ಕೇದಾರಕಂಠ. ಸಾಂಕ್ರಿ ಎಂಬ ಹಳ್ಳಿಯಿಂದ ಶುರು. ಮೊದಲ ರಾತ್ರಿ ಮಲಗುವುದು ಸುಮಾರು ಒಂಬತ್ತು ಸಾವಿರ ಅಡಿಯಲ್ಲಿ, ಎರಡನೆಯದು ಹನ್ನೊಂದು ಸಾವಿರದ ಮೇಲೆ, ತುದಿ ಹನ್ನೆರಡೂವರೆ ಸಾವಿರ. ತುದಿ ಮುಟ್ಟಿದ ದಿನವೇ ಕೆಳಗೆ ಇಳಿಯುವುದು.

ಒಂದೇ ತೊಂದರೆ. ಹಾಳೆಯ ಮೇಲೆ ಇದು ಹೊಸಬರಿಗೆ ಯೋಗ್ಯ ಎಂದು ಬರೆದಿತ್ತು. ಆಕೆಗೆ ಅವಮಾನವಾಯಿತು. "ಹೊಸಬರದಂತ! ಹೂವಪ್ಪಣ್ಣ ನೋಡಿದ್ರ ಏನಂದಾನು?"

ಸುಭಾನಿ ಸಾಹೇಬ್ರು ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತ ಹೇಳಿದರು: "ನೀವು ಹೊಸಬರ ಅದೀರಿ ಬೆಹನ್‌ಜಿ. ಗುಡ್ಡಕ್ಕ ನಿಮ್ಮ ಸರ್ವೀಸ್ ಎಷ್ಟಂತ ಗೊತ್ತಿಲ್ಲ."

ಅಲ್ಲಿಗೆ ರೂಟು ತೀರ್ಮಾನವಾಯಿತು. ಡಿಸೆಂಬರ್ ಕೊನೆಯ ವಾರಕ್ಕೆ ದೆಹ್ರಾಡೂನಿನ ಒಂದು ತಂಡದೊಡನೆ ಹೆಸರು ಹಚ್ಚಿದಳು. ಅವರು ಕಳಿಸಿದ ಕಾಗದದಲ್ಲಿ ಒಂದು ಷರತ್ತು ಇತ್ತು: ಬರುವ ಮೊದಲು ಐದು ಕಿಲೋಮೀಟರನ್ನು ನಲವತ್ತು ನಿಮಿಷದೊಳಗೆ ಓಡಿ ಮುಗಿಸುವಷ್ಟು ತಯಾರಾಗಿರಬೇಕು.

ಓಡುವುದು! ಹದಿನೈದು ವರ್ಷದಿಂದ ಆಕೆ ಓಡಿರಲಿಲ್ಲ; ಉಳಿದವರೇ ಆಕೆಯ ಬಸ್ಸಿನ ಹಿಂದೆ ಓಡುತ್ತಿದ್ದರು. ಮೊದಲ ದಿನ ಬೆಳಿಗ್ಗೆ ಐದೂವರೆಗೆ ಮಗಳ ಹಳೆಯ ಚೂಡಿದಾರ ಹಾಕಿಕೊಂಡು ಗದಗ ರಸ್ತೆಗೆ ಇಳಿದಳು. ನೂರು ಹೆಜ್ಜೆ ಓಡುವಷ್ಟರಲ್ಲಿ ಹಾಲು ಹಾಕಲು ಹೊರಟವನೊಬ್ಬ ಬೈಕು ನಿಲ್ಲಿಸಿದ. "ಅಕ್ಕಾರ, ಏನಾತ್ರಿ? ಬಸ್ ಬಿಟ್ಟು ಹೋತೇನ್ರೀ? ಹತ್ರಿ, ಮುಂದ ಹಿಡಿಯೂಣು!" ಇಲ್ಲಪ್ಪ, ಸುಮ್ಮನೆ ಓಡಾಕತ್ತೇನಿ ಎಂದರೆ ಆತ ನಂಬಲಿಲ್ಲ. ಎರಡನೆಯ ದಿನ ಇನ್ನಿಬ್ಬರು ನಿಲ್ಲಿಸಿದರು. ಮೂರನೆಯ ದಿನ ನಾಯಿಗಳು. ನಾಯಿಗಳಿಂದ ಒಂದು ಉಪಕಾರವಾಯಿತು, ಅವತ್ತು ಮೊದಲ ಬಾರಿಗೆ ಒಂದು ಕಿಲೋಮೀಟರು ನಿಲ್ಲದೆ ಓಡಿದಳು.

ಹುಬ್ಬಳ್ಳಿಯಿಂದ ಬೂಟು ತಂದಳು. ಇಳಿಯುವಾಗ ಬೆರಳು ಮುಂದೆ ಬಡಿಯುತ್ತವೆ, ಅಳತೆಗಿಂತ ಒಂದು ನಂಬರ್ ದೊಡ್ಡದು ತಗೊಳ್ರಿ, ದಪ್ಪ ಕಾಲುಚೀಲ ಹಾಕ್ರಿ, ಈಗಿನಿಂದಲೇ ಹಾಕಿಕೊಂಡು ಮೆತ್ತಗೆ ಮಾಡ್ರಿ ಎಂದು ಸಾಹೇಬ್ರು ಹೇಳಿದ್ದರು. ಆಕೆ ಅವನ್ನು ಡ್ಯೂಟಿಗೇ ಹಾಕಿಕೊಂಡು ಬಂದಳು. ಖಾಕಿ ಕೋಟು, ಸೀರೆ, ಕೆಳಗೆ ಎರಡು ಕಿಲೋ ತೂಕದ ಬೂಟು. ಒಂದು ವಾರ ಬಸ್ಸಿನಲ್ಲಿ ಯಾರ ಕಾಲ ಬೆರಳೂ ಸುರಕ್ಷಿತ ಇರಲಿಲ್ಲ. ಮಂದಿ ಹಿಂದೆ ಸರಿಯಿರಿ ಎನ್ನುವ ಮೊದಲೇ ಹಿಂದೆ ಸರಿದರು. ಹಿಮ್ಮಡಿಗೆ ಗುಳ್ಳೆ ಎದ್ದವು. ಚನ್ನವ್ವ ಬೈಯುತ್ತ ಬೈಯುತ್ತ ಕೊಬ್ಬರಿ ಎಣ್ಣೆ ಹಚ್ಚಿದಳು. "ಇಂಥಾ ಕಾಲು ಇಟ್ಕೊಂಡು ಶಿವನ ಮನಿಗೆ ಹೊಂಟಾಳ. ನೋಡಿದ್ರ ಅಂವ ಬಾಗಿಲಾ ಹಾಕ್ಕೋತಾನ."

ರವಿವಾರ ಗಜೇಂದ್ರಗಡದ ಗುಡ್ಡ. ಬೆನ್ನಿನ ಚೀಲಕ್ಕೆ ಗೋಣೆಪ್ಪ ಎಂಟು ಕಿಲೋ ಕಡಲೆ ತೂಗಿ ತುಂಬಿ ಕೊಡುತ್ತಿದ್ದ. ಕಾಲಕಾಲೇಶ್ವರನ ಗುಡಿಯ ಮೆಟ್ಟಿಲು ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು, ಆಮೇಲೆ ಕೋಟೆ. ಮೆಟ್ಟಿಲು ಎಣಿಸುತ್ತಿದ್ದಳು, ಒಮ್ಮೆಯೂ ಅದೇ ಲೆಕ್ಕ ಬರಲಿಲ್ಲ. ನಾಲ್ಕನೆಯ ರವಿವಾರ ಮಂಗ್ಯಾಗಳಿಗೆ ಚೀಲದೊಳಗೇನಿದೆ ಎಂಬುದು ಗೊತ್ತಾಯಿತು. ಒಂದು ಬೆನ್ನೇರಿ ಜಿಪ್ಪನ್ನು ಎಳೆಯಿತು, ಇನ್ನೊಂದು ಕೆಳಗಿನಿಂದ ಕಿತ್ತಿತು, ಎಂಟು ಕಿಲೋ ಕಡಲೆ ಮೆಟ್ಟಿಲ ಮೇಲೆ ಪುಟಿಯುತ್ತ ತಳದವರೆಗೆ ಹೋಯಿತು. ಗುಡಿಯಿಂದ ಪೂಜಾರಿ ಹೊರಬಂದು ನೋಡಿದ. ಕಡಲೆಯ ನಡುವೆ ಮಂಗಗಳು, ಮಂಗಗಳ ನಡುವೆ ರೋಣದ ಕಂಡಕ್ಟರ್, "ಏ ಬಾಡ್ಯಾಗಳ್ರಾ, ಸರೀರಿ ಹಿಂದಕ್ಕ!" ಎಂದು ಕೂಗುತ್ತಿದ್ದಾಳೆ. ಅಂದಿನಿಂದ ಚೀಲದಲ್ಲಿ ಕಡಲೆಯ ಬದಲು ಗಿರಣಿಯ ಹಳೆಯ ತೂಕದ ಕಲ್ಲುಗಳು ಬಂದವು.

ಇಷ್ಟೆಲ್ಲ ಆದರೂ ಒಂದು ಸಂಗತಿ ಸರಿಹೋಗಲಿಲ್ಲ. ಮೂರು ತಿಂಗಳು ದಿನಾ ಓಡಿದರೂ ಎರಡು ಕಿಲೋಮೀಟರಿಗೇ ಎದೆ ಢವಢವ, ಕಣ್ಣ ಮುಂದೆ ಕತ್ತಲು. ವಯಸ್ಸಾಯಿತು ಅಂದುಕೊಂಡಳು. ಸುಭಾನಿ ಸಾಹೇಬ್ರು ಒಪ್ಪಲಿಲ್ಲ. "ಇಷ್ಟು ದಿನಕ್ಕ ಸುಧಾರಿಸಬೇಕಿತ್ತು. ದವಾಖಾನಿಗೆ ಹೋಗ್ರಿ." ಹೇಗೂ ಡಾಕ್ಟರ ಸರ್ಟಿಫಿಕೇಟು ಬೇಕಿತ್ತು. ನವೆಂಬರಿನಲ್ಲಿ ರೋಣದ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದಳು. ರಕ್ತ ತೆಗೆದರು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಎಂಟಕ್ಕೆ ಇನ್ನೂ ಸ್ವಲ್ಪ ಕಡಿಮೆ.

ಡಾಕ್ಟರು ಚೀಟಿ ನೋಡಿ, ಈಕೆಯನ್ನು ನೋಡಿ, ಮತ್ತೆ ಚೀಟಿ ನೋಡಿದರು. "ನೀವು ದಿನಾ ಎಂಟು ತಾಸು ನಿಂತು ಕೆಲಸ ಮಾಡ್ತೀರಾ? ಇಷ್ಟರಾಗ? ತಿಂಗಳಿಂದು ಹ್ಯಾಂಗ ಹೋಗ್ತೈತಿ?"

"ಭಾಳ ಹೋಗ್ತೈತ್ರಿ. ನಾಕೈದು ವರ್ಷಾತು. ಎಲ್ಲಾರಿಗೂ ಹಂಗ ಇರ್ತೈತಿ ಅಂದ್ಕೊಂಡಿದ್ದೆ."

"ಎಲ್ಲಾರಿಗೂ ಹಂಗಿರೂದಿಲ್ಲ. ಹಿಮಾಲಯ ಬ್ಯಾಡ ಈಗ. ಮೊದಲ ಮನಿ ಮಾಳಿಗಿ ಹತ್ರಿ ಸಾಕು."

ಇದನ್ನು ಆಕೆ ನನಗೆ ಹೇಳಿದ್ದು ಬಸ್ಸಿನಲ್ಲಲ್ಲ, ಬಸ್ಸು ಖಾಲಿಯಾದ ಮೇಲೆ, ಗಜೇಂದ್ರಗಡದಲ್ಲಿ. ಅವತ್ತು ಮೊದಲ ಸಲ ಆಕೆ ಸೀಟಿನಲ್ಲಿ ಕೂತದ್ದನ್ನು ನಾನು ನೋಡಿದೆ. "ನೋಡ್ರಿ ಮಾಸ್ತರ್ರ, ನಾಕು ವರ್ಷದಿಂದ ಸಂಜಿ ಮನಿಗೆ ಹೋಗಿ ಬಿದ್ದಬಿಡ್ತಿದ್ದೆ. ಬಸ್ಸಿನ ದಣಿವು ಅಂತ ತಿಳಿದಿದ್ದೆ. ನಮ್ಮತ್ತಿ ಸೋಮಾರಿ ಅಂತ ತಿಳಿದಿದ್ಳು. ಎರಡೂ ಅಲ್ಲ. ಮೈಯಾಗ ಅರ್ಧ ಟ್ಯಾಂಕ್ ಎಣ್ಣಿನ ಇದ್ದಿಲ್ಲ." ನಗಲಿಕ್ಕೆ ನೋಡಿದಳು, ಅಷ್ಟೇನೂ ಆಗಲಿಲ್ಲ. ಈ ಹಾಳು ಗುಡ್ಡದ ಮಾತು ಬರದಿದ್ದರೆ ಆ ರಕ್ತವನ್ನು ಯಾರೂ ನೋಡುತ್ತಿರಲಿಲ್ಲ ಎಂಬ ವಿಚಾರ ನನಗೆ ಬಂತು.

ಡಿಸೆಂಬರಿನದು ರದ್ದಾಯಿತು. ತಂಡದವರು ಏಪ್ರಿಲ್ ಮೊದಲ ವಾರಕ್ಕೆ ಮುಂದೂಡಿ ಕೊಟ್ಟರು. ಅಲ್ಲಿಯವರೆಗೂ ತುದಿಯಲ್ಲಿ ಹಿಮ ಇರುತ್ತದಂತೆ. ಸುದ್ದಿ ಗೊತ್ತಾದದ್ದೇ ತಡ, ಬಸ್ಸು ದವಾಖಾನೆಯಾಯಿತು. ಚಿಕ್ಕನರಗುಂದದಿಂದ ಮಗಳ ಮನೆಗೆ ಬಂದಿದ್ದ ಒಬ್ಬಾಕೆ ನುಗ್ಗಿ ಸೊಪ್ಪಿನ ಹೊರೆ ತಂದಳು. ಕಡಲೆ ವ್ಯಾಪಾರಿ ಖರ್ಜೂರ ಕೊಟ್ಟರು. ಬೀಟ್‌ರೂಟ್ ಕೊಟ್ಟವರು ಹನ್ನೊಂದು ಜನ. ಚನ್ನವ್ವ ಬೈಗುಳದ ಧಾಟಿ ಬದಲಿಸಿದಳು: "ರಕ್ತ ಇಲ್ದ ನಾಕು ವರ್ಷ ನನ್ನ ಮಗ್ಗಲದಾಗ ರೊಟ್ಟಿ ಬಡದಾಳ, ಒಂದು ಮಾತ ಹೇಳಿಲ್ಲ ಕಳ್ಳಿ" ಎಂದು, ತಾನೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಹೂವಪ್ಪ ಏನೂ ತರಲಿಲ್ಲ. ಆದರೆ ಕೇದಾರನಾಥದ ಮಾತು ನಿಲ್ಲಿಸಿದ. ಅದಕ್ಕಿಂತ ದೊಡ್ಡ ಔಷಧ ಯಾವುದಿತ್ತು?

ಗುಳಿಗೆ, ಇಂಜೆಕ್ಷನ್, ತಿಂಗಳ ತೊಂದರೆಗೆ ಬೇರೆ ಉಪಚಾರ, ಎಲ್ಲ ಸೇರಿ ಮಾರ್ಚಿಗೆ ಹಿಮೋಗ್ಲೋಬಿನ್ ಹನ್ನೆರಡಕ್ಕೆ ಬಂತು. ಆಗ ಆಕೆ ಓಡಿದ್ದನ್ನು ನೋಡಬೇಕಿತ್ತು. ಐದು ಕಿಲೋಮೀಟರು ಮೂವತ್ತೇಳು ನಿಮಿಷ. ಬೈಕಿನವರು ನಿಲ್ಲಿಸಲು ಹೋದರೆ ಕೈ ಬೀಸಿ ಮುಂದೆ ಕಳಿಸುತ್ತಿದ್ದಳು. ನಮ್ಮ ಕಡೆಯ ಮಾರ್ಚು ಗೊತ್ತಲ್ಲ, ಎಂಟು ಗಂಟೆಗೆಲ್ಲ ಡಾಂಬರು ಮೆತ್ತಗಾಗುತ್ತದೆ. ಆ ಬಿಸಿಲಲ್ಲಿ ಆಕೆ ಕೋಟೆಯ ಗುಡ್ಡದ ಮೇಲೆ ಉಣ್ಣೆಯ ಟೋಪಿ, ಕೈಗವಸು, ಮೂರು ಪದರ ಅಂಗಿ ತೊಟ್ಟು ಅಭ್ಯಾಸ ಮಾಡಿದಳು. ಗಾಳಿಯಂತ್ರದ ಕೆಲಸಕ್ಕೆ ಬಂದ ಪರದೇಶದ ಇಂಜಿನಿಯರನೊಬ್ಬ ನೋಡಿ ಫೋಟೋ ತೆಗೆದುಕೊಂಡ. ಆತನ ದೇಶದಲ್ಲಿ ಈಗ ನಮ್ಮ ಬಗ್ಗೆ ಏನು ಅಭಿಪ್ರಾಯವಿದೆಯೋ ಗೊತ್ತಿಲ್ಲ.

ಹುಬ್ಬಳ್ಳಿಯಿಂದ ರೈಲಿನಲ್ಲಿ ದಿಲ್ಲಿ, ಅಲ್ಲಿಂದ ದೆಹ್ರಾಡೂನ್, ಅಲ್ಲಿಂದ ಒಂದು ದಿನ ಜೀಪಿನಲ್ಲಿ ಸಾಂಕ್ರಿ. ಮುಂದಿನದನ್ನು ಆಕೆ ಹೇಳಿದ ಹಾಗೆಯೇ ಹೇಳುತ್ತೇನೆ, ಏಕೆಂದರೆ ಆಕೆ ಬಚ್ಚಿಟ್ಟುಕೊಂಡದ್ದು ಯಾವುದೂ ಇಲ್ಲ.

ಮೊದಲನೆಯದಾಗಿ, ಜೀಪಿನಲ್ಲಿ ವಾಂತಿ ಮಾಡಿಕೊಂಡಳು. ಇಪ್ಪತ್ತಮೂರು ವರ್ಷದ ಸರ್ವೀಸಿನ ಕಂಡಕ್ಟರ್, ಎರಡು ಸಲ, ಪುಣೆಯ ಒಬ್ಬ ಇಂಜಿನಿಯರನ ಟೋಪಿಯೊಳಗೆ. "ನನ್ನ ಕಡೆ ಚೀಲ ಕೊಡಾಕ ಯಾರೂ ಇದ್ದಿಲ್ಲಲ್ರೀ" ಅಂದಳು.

ನಾಯಕಿಯೂ ಸೇರಿ ತಂಡದಲ್ಲಿ ಹದಿನಾಲ್ಕು ಜನ. ಈಕೆಯೇ ಎಲ್ಲರಿಗಿಂತ ಹಿರಿಯಳು. ನಾಯಕಿ ಅದೇ ಸೀಮೆಯ ಹುಡುಗಿ, ಇಪ್ಪತ್ತಾರು ವರ್ಷದವಳು. ಈಕೆಯ ಹಿಂದಿ ಗಜೇಂದ್ರಗಡ ಬಸ್‌ಸ್ಟ್ಯಾಂಡಿನದು, ಆ ಹುಡುಗಿಯದು ಪಹಾಡಿ. ಇಬ್ಬರೂ ಕೈಯಿಂದಲೇ ಹೆಚ್ಚು ಮಾತಾಡಿದರು. ಮೊದಲ ದಿನ ದೇವದಾರುಗಳ ನಡುವೆ ನಡೆದು ಹೆಪ್ಪುಗಟ್ಟಿದ ಒಂದು ಕೆರೆಯ ಬಳಿ ಡೇರೆ ಹಾಕಿದರು. ಕಾಲು ನೋಯಲಿಲ್ಲ, ಉಸಿರು ತಪ್ಪಲಿಲ್ಲ. ಪುಣೆಯ ಇಂಜಿನಿಯರನ ಚೀಲವನ್ನೂ ಸ್ವಲ್ಪ ದೂರ ಹೊತ್ತಳು, ಟೋಪಿಯ ಋಣ ಇತ್ತಲ್ಲ. ದೂರದ ಹಿಮಶಿಖರ ತೋರಿಸಿ, ಅದು ಸ್ವರ್ಗಾರೋಹಿಣಿ, ಪಾಂಡವರು ಸ್ವರ್ಗಕ್ಕೆ ಹೋದ ದಾರಿ ಎಂದು ಹುಡುಗಿ ಹೇಳಿದಳಂತೆ. ಅನ್ನಪೂರ್ಣಕ್ಕ ಯೋಚಿಸಿ, "ಐದು ಮಂದಿ ಗಂಡಸರು, ಒಬ್ಬಾಕಿ ಹೆಣ್ಣುಮಗಳು. ಮೊದಲ ಬಿದ್ದಾಕಿ ಆಕಿನ. ಒಬ್ಬರೂ ತಿರುಗಿ ನಿಂತು ನೀರು ಕೊಡ್ಲಿಲ್ಲ. ಬಂದೋಬಸ್ತ್ ಬರೋಬರಿ ಇದ್ದಿಲ್ಲ" ಎಂದು ಹಿಂದಿಯಲ್ಲಿ ತಿಳಿಸಲು ನೋಡಿದಳು. ಎಷ್ಟು ತಿಳಿಯಿತೋ, ಹುಡುಗಿ ನಕ್ಕಳು.

ಎರಡನೆಯ ಡೇರೆ ಹನ್ನೊಂದು ಸಾವಿರ ಅಡಿಯ ಮೇಲೆ, ಹಿಮದ ನಡುವೆ. ಮಧ್ಯಾಹ್ನ ತಲುಪಿದಾಗಲೇ ತಲೆ ಸಿಡಿಯತೊಡಗಿತ್ತು. ಊಟ ಸೇರಲಿಲ್ಲ. ಸಂಜೆ ನಾಯಕಿ ಎಲ್ಲರನ್ನೂ ಸಾಲಾಗಿ ಕೂಡಿಸಿ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಹಾಕುತ್ತ, ತಲೆನೋವಿದೆಯೇ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಈಕೆಯ ಸರದಿ ಬಂದಾಗ, ಇಲ್ಲ ಅಂದಳು. ಆರಾಮ ಅಂದಳು. ಇನ್ನೊಂದೇ ಬೆಳಗಾದರೆ ತುದಿ.

"ಅಂದು ಕುಂತೆ ನೋಡ್ರಿ ಮಾಸ್ತರ್ರ. ಆಮ್ಯಾಲ ನನಗ ನಗಿ ಬಂತು. ನಮ್ಮ ಬಸ್ಸಿನಾಗ 'ನನಗೇನೂ ಆಗೂದಿಲ್ಲ, ಚೀಲ ಬ್ಯಾಡ' ಅನ್ನಾವರು ಇರ್ತಾರಲ್ಲ, ಅವರ ಮೋರಿ ನನಗ ಗೊತ್ತೈತಿ. ಆ ಮೋರಿ ಇವತ್ತು ನಂದಾಗೇತಿ. ಅಂಥವರು ಯಾವತ್ತೂ ಮುಂದಿನವರ ಮ್ಯಾಲನ ಕಾರತಾರ."

ಎದ್ದು ಹೋಗಿ ಖರೇ ಹೇಳಿದಳು. ನಾಯಕಿ ಮತ್ತೆ ಕ್ಲಿಪ್ಪು ಹಾಕಿ ನೋಡಿದಳು, ಬೈಯಲಿಲ್ಲ, ಬಿಸಿನೀರು ಕುಡಿಸಿದಳು. ಎರಡು ತಾಸು ಬಿಟ್ಟು ನೋಡಿದರೂ ತಲೆನೋವು ಇಳಿಯಲಿಲ್ಲ. ನಾಳೆ ನೀವು ಮೇಲೆ ಬರುವಂತಿಲ್ಲ ಅಂದಳು. ನೋವು ಹೆಚ್ಚಾದರೆ ಆ ಕ್ಷಣವೇ ಕೆಳಗಿನ ಡೇರೆಗೆ ಇಳಿಸುತ್ತೇವೆ, ಅಡುಗೆಯವನನ್ನು ಜೊತೆಗೆ ಬಿಡುತ್ತೇನೆ ಎಂದೂ ಹೇಳಿದಳು. ವಾದ ಮಾಡಬೇಕೆಂದು ಅನ್ನಪೂರ್ಣಕ್ಕ ಬಾಯಿ ತೆರೆದಳಂತೆ. "ಮಾಡಲಿಲ್ಲ. ಗಾಡಿ ಆಕೀದು. ನನ್ನ ಗಾಡಿಯಾಗ ನನ್ನ ಮಾತು ಮೀರಿದವರನ್ನ ನಾನೂ ಇಳಿಸೇನಿ."

ಮರುದಿನ ಉಳಿದವರು ಹೊರಟಾಗ ಈಕೆ ಗಾಢ ನಿದ್ರೆಯಲ್ಲಿದ್ದಳು. ಎದ್ದಾಗ ಬಿಸಿಲು ಬಂದಿತ್ತು, ತಲೆ ಹಗುರಾಗಿತ್ತು. ಅಡುಗೆಯವನೊಡನೆ ಡೇರೆಯ ಹಿಂದಿನ ದಿನ್ನೆಯವರೆಗೆ ನಿಧಾನ ನಡೆದಳು, ಅಷ್ಟೇ. ಅಲ್ಲಿಂದ ತುದಿ ಕಾಣುತ್ತಿತ್ತು. ಬಿಳಿಯ ಇಳಿಜಾರಿನ ಮೇಲೆ ಹದಿಮೂರು ಇರುವೆಗಳು. ಏನನಿಸಿತು ಎಂದು ನಾನು ಕೇಳಿದೆ. "ಹೊಟ್ಟಿ ಉರೀತು" ಅಂದಳು. "ಭಾಳ ಚಂದಿತ್ರಿ. ಅಷ್ಟು ಬಿಳೀದು ನಾ ನೋಡೇ ಇದ್ದಿಲ್ಲ. ಸದ್ದ ಇಲ್ಲ. ಯಾರೂ ಚಿಲ್ಲರ ಕೇಳೂದಿಲ್ಲ. ಒಂದು ತಾಸು ಕುಂತೆ, ಹೊಟ್ಟಿ ಉರಿಯೂದು ನಿಂತ್ತು. ಆಮ್ಯಾಲ ಹಸಿವಾತು." ಅಡುಗೆಯವನು ಮ್ಯಾಗಿ ಮಾಡಿಕೊಟ್ಟ. ಚೀಲದಲ್ಲಿದ್ದ ಚನ್ನವ್ವನ ಶೇಂಗಾ ಚಟ್ನಿ ಹಾಕಿಕೊಂಡು ಇಬ್ಬರೂ ತಿಂದರು. ಸಾಂಕ್ರಿಗೆ ಇಳಿದು ಸಿಗ್ನಲ್ ಸಿಕ್ಕಾಗ ಗೋಣೆಪ್ಪನಿಗೆ ಫೋನು ಹಚ್ಚಿ, ತುದಿಗೆ ಹೋಗಲಾಗಲಿಲ್ಲ ಅಂದಳು. ಅತ್ತ ಕಡೆ ಗಿರಣಿ ನಿಂತ ಸದ್ದು. "ಆರಾಮದೀಯಲ್ಲ?" ಅಂದ. "ಸಂಡಾಸ ಚಲೋ ಇತ್ತ?" ಚಲೋ ಇತ್ತು ಅಂದಾಗ, "ಹಂಗಾರ ಸಾಕ ಬಿಡು" ಅಂದನಂತೆ.

ಊರಿಗೆ ಇದೆಲ್ಲ ಬೇಕಿರಲಿಲ್ಲ. ಆಕೆ ರೋಣದಲ್ಲಿ ಇಳಿದಾಗ ಬಸ್‌ಸ್ಟ್ಯಾಂಡಿನಲ್ಲಿ ಹನ್ನೆರಡು ಅಡಿ ಫ್ಲೆಕ್ಸು ನಿಂತಿತ್ತು: ಹಿಮಾಲಯ ಗೆದ್ದ ನಮ್ಮೂರ ಹೆಮ್ಮೆಯ ಪುತ್ರಿ. ಹಿನ್ನೆಲೆಯಲ್ಲಿದ್ದ ಪರ್ವತ ಜಪಾನಿನದು. ಭೂಗೋಳ ಕಲಿಸುವವನಾಗಿ ಅದನ್ನು ಗುರುತಿಸಿದ್ದು ನಾನೊಬ್ಬನೇ, ಸುಮ್ಮನಿದ್ದೆ. ಹಲಗೆ ಬಾರಿಸಿದರು, ಶಾಲು ಹೊದಿಸಿದರು. "ನಾ ತುದಿಗೆ ಹೋಗಿಲ್ಲೋ ಯಪ್ಪಾ!" ಎಂದು ಆಕೆ ಕೂಗುತ್ತಲೇ ಇದ್ದಳು, ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಕೊನೆಗೆ ಮೈಕು ಕೈಗೆ ಬಂತು.

"ನೋಡ್ರಿ, ನಾ ತುದಿ ಮುಟ್ಟಿಲ್ಲ. ಸಾವಿರದ ಮ್ಯಾಲ ಅಡಿ ಉಳಿದಿತ್ತು, ತಲಿ ನೂಸ್ತು, ಕುಂತು ಮ್ಯಾಗಿ ತಿಂದು ಬಂದೇನಿ. ಗೆದ್ದಿದ್ದು ಏನೂ ಇಲ್ಲ. ಆ ಫ್ಲೆಕ್ಸ್ ತಗೀರಿ. ಮತ್ತ ಹೆಣ್ಮಕ್ಕಳು, ಸಂಜಿ ಆದ್ರ ಮೈ ಬೀಳಾಕತ್ರ ಹೋಗಿ ರಕ್ತ ತೋರಸ್ರಿ. ಗುಡ್ಡಕ್ಕ ಹೋಗೂ ಮಟಾ ಕಾಯಬ್ಯಾಡ್ರಿ."

ಚಪ್ಪಾಳೆ ಬಿದ್ದವು. ಏಕೆ ಚಪ್ಪಾಳೆ ಹೊಡೆಯುತ್ತಿದ್ದೇವೆ ಎಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಫ್ಲೆಕ್ಸನ್ನು ಮಳೆಗಾಲದವರೆಗೂ ಯಾರೂ ತೆಗೆಯಲಿಲ್ಲ. ಆಮೇಲೆ ಗೋಣೆಪ್ಪನೇ ತಂದು ಗಿರಣಿಯ ಸೋರುವ ತಗಡಿನ ಮೇಲೆ ಹೊದಿಸಿದ.

ಆದರೆ ಆ ಮಾತು ಕೆಲವರ ಕಿವಿಗೆ ಬಿದ್ದಿತ್ತು. ಮುಂದಿನ ವಾರ ಬಸ್ಸಿನ ಹಿಂದಿನ ಸೀಟಿನಲ್ಲಿ ಹೆಣ್ಣುಮಕ್ಕಳು ಆಕೆಯ ಸೆರಗು ಹಿಡಿದು ಪಿಸುಪಿಸು ಕೇಳುತ್ತಿದ್ದರು. ಸೂಡಿಯ ತಬಸ್ಸುಮ ಅನ್ನುವ ಹೊಲಿಗೆಯಾಕೆಗೆ ಹಿಮೋಗ್ಲೋಬಿನ್ ಏಳೂವರೆ ಇತ್ತು. ಈಗ ಹನ್ನೊಂದಕ್ಕೆ ಬಂದಿದೆ; ರವಿವಾರ ಅನ್ನಪೂರ್ಣಕ್ಕನ ಜೊತೆ ಆಕೆಯೂ ಕೋಟೆಯ ಗುಡ್ಡ ಹತ್ತುತ್ತಾಳೆ, ಬುರ್ಖಾದ ಕೆಳಗೆ ಕೆಂಪು ಬೂಟು. ಸುಭಾನಿ ಸಾಹೇಬ್ರು ಕೆಳಗೆ ನಿಂತು ಗಡಿಯಾರ ನೋಡುತ್ತಾರೆ.

ಮತ್ತೆ ಒಂದು ಪಟ್ಟಿ ತಯಾರಾಗಿದೆ ಎಂಬುದು ನನಗೆ ಗೊತ್ತು. ಈ ಸಲ ನಡುವಿನ ಎತ್ತರದಲ್ಲಿ ಒಂದು ರಾತ್ರಿ ಹೆಚ್ಚು ಮಲಗುವ ದಾರಿ ಹುಡುಕಿದ್ದಾರಂತೆ. ಯಾವುದು ಅಂತ ಮಾತ್ರ ಯಾರಿಗೂ ಹೇಳುತ್ತಿಲ್ಲ. ನಿನ್ನೆ ನಾನು, ಶಾಣ್ಯಾ ಮನುಷ್ಯ, ಮೆಲ್ಲಗೆ ಕೇಳಿದೆ: "ಅಕ್ಕಾರ, ಈ ಸಲ ಯಾವ ಗುಡ್ಡ?"

"ಗಜೇಂದ್ರಗಡ ಬಂತು ಮಾಸ್ತರ್ರ," ಅಂದಳು. "ಲಗೂ ಇಳೀರಿ, ಹಿಂದ ಮಂದಿ ಅದಾರ."